ಬೀಗರ ಹಾಡಿನ ಹಕ್ಕು

ಮೊಮ್ಮಗಳ ಮದುವೆಯಲ್ಲಿ ನೀಲವ್ವ ಬೀಗರನ್ನು ಗೇಲಿ ಮಾಡಿ ಹಾಡಿದ್ದಳು. ಜಾನಪದ ಸಂಗ್ರಹಾಲಯದವರು ಬಂದು ಅದನ್ನು ರೆಕಾರ್ಡ್ ಮಾಡಿಕೊಂಡು ಹೋಗಿದ್ದರು. ಈಗ ಅವರೇ ದೂರು ಕೊಟ್ಟು, ಮೊಮ್ಮಗಳು ಇಂಟರ್‌ನೆಟ್ಟಿಗೆ ಹಾಕಿದ್ದ, ಆ ಹಾಡೂ ಇದ್ದ ಮದುವೆಯ ವಿಡಿಯೋ ತೆಗೆಸಿಬಿಟ್ಟರು. ಹುಡುಗಿ ಅತ್ತು ಅತ್ತು ಕಣ್ಣು ಊದಿಸಿಕೊಂಡಳು.

ನೀಲವ್ವ ಬೀಗರನ್ನು ಜೊತೆಗೆ ಕರೆದುಕೊಂಡು ಸಂಗ್ರಹಾಲಯಕ್ಕೆ ಹೊರಟಳು. ಅವರನ್ನು ಹೊರಗೇ ನಿಲ್ಲಿಸಿ ತಾನೊಬ್ಬಳೇ ಒಳಗೆ ಹೋದಳು.

ನಿರ್ದೇಶಕರು ಕುರ್ಚಿಗೆ ಒರಗಿ, "ಕಾಪಿರೈಟ್ ನಮ್ಮದು ಅಜ್ಜೀ. ನಮ್ಮನ್ನು ಕೇಳದೆ ಯಾರೂ ಹಾಕುವ ಹಾಗಿಲ್ಲ," ಎಂದರು.

"ಹಾಡಿದಾಕಿ ನಾನಲ್ಲೇನ್ರೀ?"

"ಹಾಡಿರಬಹುದು. ಈಗ ಅದರ ಒಂದೊಂದು ಮಾತೂ ನಮ್ಮದು."

"ಒಂದೊಂದು ಮಾತೂ?"

"ಒಂದೊಂದೂ."

ನೀಲವ್ವನಿಗೆ ಬೇಕಿದ್ದದ್ದು ಅಷ್ಟೇ. ಬಾಗಿಲ ಕಡೆ ತಿರುಗಿ ಕೂಗಿದಳು: "ಬೀಗರ, ಒಳಗ ಬರ್ರಿ. ನಿಮ್ಮ ಹೊಟ್ಟಿ ಜೋಳ ತುಂಬೋ ಹಗೇವು, ಮೀಸಿ ಕಸಬರಿಗಿ ಅಂದಾವ್ರು ಸಿಕ್ರು."

ಬಾಗಿಲು ತುಂಬುವಂಥ ಆಳು, ಗರಡಿಯಲ್ಲಿ ಪಳಗಿದ ಬೀಗ ಬಸಲಿಂಗಪ್ಪ, ಅಂಗಿಯ ತೋಳು ಮಡಚುತ್ತ ಒಳಗೆ ಬಂದ. "ಬೀಗ್ತಿ ಅಂದಿದ್ರ ನಕ್ಕು ಬಿಡ್ತಿದ್ದೆ. ನೀವು ನನಗ ಏನಾಗಬೇಕ್ರಿ ಸಾಹೇಬ್ರ?"

ನಿರ್ದೇಶಕರ ಕುರ್ಚಿ ಹಿಂದೆ ಸರಿದು ಗೋಡೆಗೆ ತಾಗಿತು. "ನಮ್ಮದಲ್ಲಪ್ಪ, ಹಾಡು ಪೂರ್ತಿ ಈ ಅಜ್ಜಿಯದೇ," ಎನ್ನುತ್ತಲೇ ಕಂಪ್ಯೂಟರಿನ ಕೀಲಿ ಒತ್ತಿ ದೂರು ವಾಪಸ್ ತೆಗೆದುಕೊಂಡರು. ಮೊಮ್ಮಗಳ ವಿಡಿಯೋ ಮತ್ತೆ ಬಂತು.

ಹೊರಗೆ ಬಂದದ್ದೇ ತಡ, ಬಸಲಿಂಗಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಬೀಗ್ತಿ, ಆ ಸಾಹೇಬ್ರ ಮ್ಯಾಲೂ ಒಂದು ನುಡಿ ಕಟ್ಟಿಬಿಡ್ರಿ."

"ಹೆಂಗ ಕಟ್ಟೂದ್ರಿ?" ಎಂದಳು ನೀಲವ್ವ. "ಅವ್ರು ನಮಗ ಬೀಗರಲ್ಲ. ಅವ್ರನ್ನ ಬೈಯೋ ಹಕ್ಕು ನಮಗಿಲ್ಲ."