ತುಂಗಮ್ಮನಿಗೆ ಬಿಟ್ಟ ಎಳ್ಳುನೀರು

ನೆಲಮಂಚಿ ಸಂಸ್ಥಾನ ಇಂದಿಗೂ ಚೇತರಿಸಿಕೊಳ್ಳದ ದುರಂತವೊಂದಿದೆ: ಅರಮನೆಯ ಅಡುಗೆಯ ಪದ್ಮನಾಭಯ್ಯನ ಸಾರಿಗೆ ಒಮ್ಮೆ ಉಪ್ಪು ಹೆಚ್ಚಾಯಿತು. ಅದನ್ನು ತುಂಬಿದ ಪಂಕ್ತಿಯ ನಡುವೆ ಹೇಳಿದವಳು ಅವನ ಒಬ್ಬಳೇ ಮಗಳು ತುಂಗಮ್ಮ. ಅಪ್ಪ ಸಾರಿನ ರುಚಿ ನೋಡಲಿಲ್ಲ. ಮಗಳ ಮುಖ ನೋಡುವುದನ್ನೇ ಬಿಟ್ಟ. ಗಂಡನ ಊರಿಗೆ ಹೋದವಳು ಹನ್ನೊಂದು ವರ್ಷ ಇತ್ತ ಬರಲಿಲ್ಲ.

ಬಂದಾಗ ಅಪ್ಪ ಇರಲಿಲ್ಲ. ಮನೆ, ಹಿತ್ತಿಲು, ಎಂಟು ಮಾವಿನ ಮರ ಯಾರಿಗೆಂದು ಒಂದು ಓಲೆಯನ್ನೂ ಬರೆದಿಡದೆ ತೀರಿಕೊಂಡಿದ್ದ. ಅವನ ಅಣ್ಣನ ಮಗ ವಾಸಪ್ಪಯ್ಯ ಆಗಲೇ ಬಾಗಿಲಿಗೆ ಬೀಗ ಜಡಿದಿದ್ದ. ಗಂಡ ಸತ್ತು, ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಬಂದ ತುಂಗಮ್ಮನಿಗೆ ಬೇರೆ ಸೂರಿರಲಿಲ್ಲ. ದೂರು ಅರಮನೆಗೆ ಹೋಯಿತು.

ವಾಸಪ್ಪಯ್ಯನ ವಾದ ಸರಳ. ಚಿಕ್ಕಪ್ಪ ಸಿಟ್ಟಿನಲ್ಲಿ ಪ್ರತಿ ಮಹಾಲಯ ಅಮಾವಾಸ್ಯೆಗೂ ತುಂಗಮ್ಮನನ್ನು ಸತ್ತವರ ಸಾಲಿಗೆ ಸೇರಿಸಿ ಎಳ್ಳುನೀರು ಬಿಟ್ಟಿದ್ದ. ಸತ್ತವಳಿಗೆ ಆಸ್ತಿ ಎಲ್ಲಿಯದು?

ದೊರೆ ಆಸ್ಥಾನದ ಜಾಣ ಅಚ್ಚಪ್ಪಯ್ಯನ ಕಡೆ ತಿರುಗಿದ. ಇವಳು ನನ್ನ ಮಗಳೆಂದು ಪದ್ಮನಾಭಯ್ಯನ ಮಾತಿನಲ್ಲೇ ಹೇಳಿಸಿದರೆ ಮನೆ ಇವಳಿಗೆ, ಇಲ್ಲವಾದರೆ ವಾಸಪ್ಪಯ್ಯನಿಗೆ ಎಂದ.

ತನಗೆ ಜಾಣನೆಂಬ ಹೆಸರು ಹೇಗೆ ಬಂತೆಂದು ಅಚ್ಚಪ್ಪಯ್ಯನಿಗೇ ತಿಳಿಯದು. ಬಂದದ್ದನ್ನು ಬೇಡವೆಂದರೆ ಸಂಬಳ ನಿಲ್ಲುತ್ತದೆಂದು ಸುಮ್ಮನಿದ್ದ. ಅವನು ಶಾಸ್ತ್ರ ಓದಿದವನಲ್ಲ, ಓದಿದವರ ಪಕ್ಕದ ಎಲೆಯಲ್ಲಿ ಉಂಡವನು. ಬೇರೇನೂ ತೋಚದೆ, ಎಳ್ಳುನೀರು ಬಿಡಿಸಿದ ಪುರೋಹಿತ ಗುಂಡಾಭಟ್ಟರನ್ನು ಕರೆಸಿದ. ತನ್ನ ಸಾಕ್ಷಿಯೇ ಬಂತೆಂದು ವಾಸಪ್ಪಯ್ಯ ಓಡಿಹೋಗಿ ಮಣೆ ಹಾಕಿದ.

“ಭಟ್ಟರೇ, ಎಳ್ಳುನೀರು ಬಿಡುವಾಗ ಪದ್ಮನಾಭಯ್ಯನವರು ಏನು ಹೇಳುತ್ತಿದ್ದರು?”

“ಇನ್ನೇನು ಹೇಳ್ತಾರೆ? ಸಂಬಂಧ, ಗೋತ್ರ, ಹೆಸರು. ‘ನನ್ನ ಮಗಳು ತುಂಗೆ’ ಅಂತ. ಅಲ್ಲಿಗೆ ಬಂದಾಗ ಮಾತ್ರ ಇನ್ನೊಂದು ಚಿಟಿಕೆ ಎಳ್ಳು ತೆಗೆದುಕೊಳ್ಳುತ್ತಿದ್ದರು, ಪಾಪ.”

ತುಂಗಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ವಾಸಪ್ಪಯ್ಯ ಮಾತ್ರ ಸೋಲಲಿಲ್ಲ. ಮಗಳೇ ಆಗಿರಲಿ, ಸತ್ತ ಮಗಳು ತಾನೆ ಎಂದ. ದೊರೆಗೂ ಅದು ಸರಿಯೆನಿಸಿತು. ಅಚ್ಚಪ್ಪಯ್ಯನಿಗೂ ಕ್ಷಣಕಾಲ ಸರಿಯೆನಿಸಿತು. ಆಮೇಲೆ ಅವನು ಕೈಮುಗಿದ.

“ಮಹಾಸ್ವಾಮಿ, ನನಗೆ ಶಾಸ್ತ್ರ ಬಾರದು, ತಿಥಿಯೂಟ ಬರುತ್ತದೆ. ಹೋದವರನ್ನು ಹೆಸರು ಹಿಡಿದು ಕರೆಯುವುದು ಮನೆಗೆ ಬಂದು ತೃಪ್ತರಾಗಲಿ ಎಂದು. ಪದ್ಮನಾಭಯ್ಯನವರು ಹನ್ನೊಂದು ವರ್ಷ ಕರೆದರು, ಈಕೆ ಈಗ ಬಂದಿದ್ದಾಳೆ. ಕರೆಸಿಕೊಂಡವರನ್ನು ಬೀಗದ ಮುಂದೆ ನಿಲ್ಲಿಸಿದ ಸುದ್ದಿ ಮೇಲಕ್ಕೆ ಮುಟ್ಟಿದರೆ, ಬರುವ ವಾರದ ತಿಥಿಗೆ ತಮ್ಮ ತೀರ್ಥರೂಪರು ಯಾವ ಧೈರ್ಯದ ಮೇಲೆ ಅರಮನೆಗೆ ಬರಬೇಕು?”

ದೊರೆ ಮೊದಲು ಮಾಡಿನ ಕಡೆ ನೋಡಿದ. ಆಮೇಲೆ ನಕ್ಕ. ಬಹುಮಾನವಾಗಿ ಅಚ್ಚಪ್ಪಯ್ಯನಿಗೆ ದೊಡ್ಡ ದೊರೆಯ ತಿಥಿಗೆ ಕರೆ ಬಂತು.

ಬೀಗ ತೆಗೆಸಲಾಯಿತು. ಮನೆಯೂ ಹಿತ್ತಿಲೂ ತುಂಗಮ್ಮನ ಹೆಸರಿಗಾದವು.