ಕರವೀರ ನೆಟ್ ರಿಪೇರಿ ಮಾಡಿಸಿದ್ದು

ನಗು ಬಂದ್ರ ತಡಕೋಬ್ಯಾಡ್ರಿ, ಕೇಳ್ರಿ. ರಾಣೆಬೆನ್ನೂರಾಗ ಬಸಲಿಂಗವ್ವ ಅಂತ ಒಬ್ಬಾಕಿ ಇದ್ಲು. ಆಕಿಗೆ ಕರವೀರ ಅಂತ ಒಬ್ಬನೇ ಮಗ. ಇಪ್ಪತ್ತೆಂಟು ವರ್ಷ, ಮೀಸಿ ಭರ್ಜರಿ, ತಲ್ಯಾಗ ಬರೇ ಗಾಳಿ. ಹೇಳಿದ್ದನ್ನ ಹೇಳಿದಂಗ ಮಾಡಾವ, ಅದ ಅವನ ರೋಗ. ಹನ್ನೊಂದು ಕಡೆಯವರು ವರ ನೋಡಾಕ ಬಂದು, ಚಾ ಕುಡದು, ಎದ್ದು ಹೋಗಿದ್ರು.

"ನಿನ್ನ ಹಡಿಯೋ ಬದಲು ಒಂದು ಒನಕಿ ಹಡದಿದ್ರ ಖಾರಪುಡಿನರ ಕುಟ್ಟತಿದ್ದೆ!" ಅಂತ ಅವ್ವ ಹಣಿ ಬಡಕೊಳ್ಳಾಕಿ.

ಹನ್ನೆರಡನೇ ಸಂಬಂಧ ಬೈಲಹೊಂಗಲದ್ದು. ಹುಡುಗಿ ಅಪ್ಪ ಕಾಲು ಮುರಕೊಂಡು ಮಂಚ ಹಿಡದಿದ್ದ. "ನಾಕು ಗಂಟೇಕ್ಕ ಫೋನ್‌ನ್ಯಾಗ ಹುಡುಗನ್ನ ತೋರಸ್ರಿ" ಅಂದಿದ್ದ. ಬಸಲಿಂಗವ್ವನ ಓಣ್ಯಾಗ ಸಿಗ್ನಲ್ ಮಾತಿಗಷ್ಟ ಸಾಲತಿತ್ತು. ಮಾರಿ ಕಾಣಬೇಕಂದ್ರ ಮನೀ ನೆಟ್ಟೇ ಬೇಕು. ಮುಂಜಾನೆ ಎದ್ದು ನೋಡತಾರ, ನೆಟ್ ಬಂದ್! ನೆಟ್ಟಿನ ಡಬ್ಬಿ ಮ್ಯಾಲೆ ಕೆಂಪು ದೀಪ!

"ಕಂಪನಿಗೆ ಫೋನ್ ಹಚ್ಚೋ! ಅವರು ಹೇಳಿದಂಗ ಮಾಡು!" ಅಂದ್ಲು ಅವ್ವ.

ಹಚ್ಚಿದ. ಕಂಪನಿಯ ಹೆಣ್ಮಗಳು ಅಂದ್ಲು, "ದಯವಿಟ್ಟು ಲೈನ್ ಹಿಡಿದುಕೊಂಡಿರಿ."

ಕರವೀರ ಫೋನ್ ಹಾಸಿಗಿ ಮ್ಯಾಲೆ ಒಗದ. ಹಿತ್ತಲ ಗ್ವಾಡಿ ಏರಿದ. ಕಂಬದಿಂದ ಬಂದ ವೈರ್ ಎರಡೂ ಕೈಲೆ ಗಟ್ಟಿ ಹಿಡಕೊಂಡು, ಜೋತಾಡಿಕೋತ ನಿಂತ.

"ಏನ್ ಮಾಡಾಕತ್ತೀಯೋ?"

"ಲೈನ್ ಹಿಡದೀನವ್ವ! ಬಿಡಂಗಿಲ್ಲ!"

"ಏ ಮಂಗ್ಯಾ! ಲೈನ್ ಹಿಡಿ ಅಂದ್ರ ಫೋನ್ ಕಿವೀಗೆ ಹಿಡಿ ಅಂತ! ಇನ್ನ ಮ್ಯಾಲೆ ಕಿವಿಯಿಂದ ಫೋನ್ ತಗದಿ ಅಂದ್ರ ನೋಡು!"

"ಆತವ್ವ."

ಮತ್ತ ಹಚ್ಚಿದ. ಆ ಹೆಣ್ಮಗಳು, "ಲೈನ್‌ಮನ್ನನ್ನ ಕಳಸ್ತೀವ್ರಿ, ಫೋನ್ ಇಡ್ರಿ, ಅವನೇ ನಿಮಗ ಫೋನ್ ಮಾಡ್ತಾನ" ಅಂದು ಇಟ್ಲು. ಕರವೀರ ಇಡಲಿಲ್ಲ. ಕಿವೀಗೆ ಒತ್ತಿ ಹಿಡದು ಕುಂತ. ಫೋನ್ ಕಿವ್ಯಾಗ ಗಣಗಣ ಬಡಕೊಂತು. ನಿಂತು ಮತ್ತ ಬಡಕೊಂತು. ಇವ ತಲಿ ಅಲ್ಲಾಡಿಸಿಕೋತ ಕೇಳಿದ.

"ಬಾಜಾ ಚಲೋ ಐತವ್ವ. ಮಾತಾಡೋರ ಯಾರೂ ಇಲ್ಲ."

"ಅಯ್ಯೋ ನನ್ನ ಕರ್ಮ! ಗಂಟಿ ಹೊಡದ್ರ ಹಸಿರು ಗುಂಡಿ ಒತ್ತಬೇಕೋ! ನೆನಪಿಟ್ಕೊ, ಗಂಟಿ ಹೊಡದ್ರ ಹಸಿರು ಗುಂಡಿ!"

"ಆತವ್ವ."

ಫೋನ್ ಎತ್ತವಲ್ರಂತ ಲೈನ್‌ಮನ್ ಇಮಾಮಸಾಬ ತಾನ ಏಣಿ ಹೊತಗೊಂಡು ಬಂದ. ಬಾಗಿಲ ಗಂಟಿ ಒತ್ತಿದ. ಟ್ರಿಣ್!

ಗಂಟಿ ಹೊಡೀತು! ಕರವೀರ ಮನಿ ತುಂಬ ಓಡಾಡಿ ಹಸಿರು ಗುಂಡಿ ಹುಡುಕಿದ. ನೀರಿನ ಮೋಟರಿನ ಪೆಟ್ಟಿಗಿ ಮ್ಯಾಲೆ ಒಂದಿತ್ತು. ಒತ್ತಿದ! ಮಾಳಗಿ ಮ್ಯಾಲಿನ ನೀರಿನ ಟಾಕಿ ಮೊದಲ ತುಂಬಿತ್ತು. ನೀರು ಉಕ್ಕಿ, ಮಾಳಗಿ ಪೈಪಿನಿಂದ ಇಮಾಮಸಾಬನ ನೆತ್ತಿ ಮ್ಯಾಲೆ ದಬದಬ ಸುರೀತು.

"ಯಾ ಅಲ್ಲಾ! ನೆಟ್ ಮಾಡಾಕ ಬಂದೀನೋ, ಜಳಕಾ ಮಾಡಾಕ ಬಂದೀನೋ?"

ಬಸಲಿಂಗವ್ವ ಓಡಿ ಬಂದು ಮೋಟರ್ ಆರಿಸಿದ್ಲು, ಮಗನ ಕಿವಿ ಹಿಂಡಿದ್ಲು. "ಮನೀಗೆ ಬಂದವರಿಗೆ ಹಿಂಗ ಮಾಡ್ತಾರೇನೋ? ಬರ್ರಿ ಅನಬೇಕು, ಕುಂದರ್ರಿ ಅನಬೇಕು! ಬಂದವರನ್ನ ನಿಂದರಸಬಾರದು!"

"ಆತವ್ವ."

ಆಕಿ ಚಾ ಕಾಸಾಕ ಒಳಗ ಹೋದ್ಲು. ಇಮಾಮಸಾಬ ಏಣಿ ಇಟ್ಟು ಮ್ಯಾಲೇರಿದ. ಕರವೀರ ನೋಡತಾನ, ಬಂದಾವ ನಿಂತಾನ!

"ಕುಂದರ್ರಿ!"

"ತಡಿಯಪಾ, ವೈರ್ ಕಿತ್ತೈತಿ. ಯಾರೋ ಜೋತಾಡ್ಯಾರ."

"ನಿಂದರಬಾರದ್ರಿ, ಕುಂದರ್ರಿ!"

ಅಂದವನೇ ಇಮಾಮಸಾಬನ ಪ್ಯಾಂಟ್ ಹಿಡದು ಜಗ್ಗಿದ. ಜಗ್ಗಿದ್ದಕ್ಕ ಪ್ಯಾಂಟೂ ಬಂತು, ಇಮಾಮಸಾಬನೂ ಬಂದ. ನೀರು ನಿಂತು ಕೆಸರಾಗಿತ್ತಲ್ಲ, ಅಲ್ಲೇ ಪಚಕ್ಕಂತ ಕುಂತ.

"ಹಾಂ! ಈಗ ಚಲೋ ಆತು" ಅಂದ ಕರವೀರ.

ಇಮಾಮಸಾಬ ಏಣಿ ಎತ್ತಿ ಹೊಂಟುಬಿಟ್ಟ. ಬಸಲಿಂಗವ್ವ ಹಿಂದ ಓಡಿ, ಕೈ ಮುಗದು, ಎರಡು ಕಪ್ ಚಾ ಕುಡಿಸಿ, ಗಂಡನ ಹಳೇ ಧೋತರ ಉಡಿಸಿ ಕರಕೊಂಡು ಬಂದ್ಲು. ತಾನ ಏಣಿ ಹಿಡದು ನಿಂತ್ಲು. ವೈರ್ ಕೂಡಿತು. ಹಸಿರು ದೀಪ ಬಂತು. ಇನ್ನೂ ಮೂರೂವರಿ!

ಆಕಿ ಮಗನ ಮಾರಿಗೆ ಪೌಡರ್ ಬಳಿಕೋತ ಅಳುದನಿಲೆ ಅಂದ್ಲು, "ಕರವೀರಾ, ನಾ ಸತ್ತ ಮ್ಯಾಲೆ ನಿನಗ ಅನ್ನ ಹಾಕೋರು ಯಾರೋ? ಇದೊಂದು ಸಂಬಂಧ ಕೆಡಿಸಬ್ಯಾಡ. ನಿನ್ನ ತಲಿ ಓಡಸಬ್ಯಾಡ. ಬೀಗರು ಹೇಳಿದ್ದಷ್ಟ ಮಾಡು. ಅವರು 'ಸಾಕು' ಅನ್ನೋ ತನಕ ಮಾಡು!"

"ಆತವ್ವ." ಅವ್ವನ ಕಣ್ಣಾಗ ನೀರು ನೋಡಿ ಅವನಿಗೂ ಖರೇನ ಸಂಕಟ ಆತು. ಈ ಸಲ ತಪ್ಪಬಾರದು ಅಂತ ಹಲ್ಲು ಕಚ್ಚಿ ನಿಂತ.

ನಾಕು ಹೊಡೀತು. ಫೋನ್‌ನ್ಯಾಗ ಹುಡುಗಿ ಬಂದ್ಲು, ಅಪ್ಪ ಬಂದ. ಅಪ್ಪಗ ಮೀಸಿ ಮನಸ್ಸಿಗೆ ಬಂತು. ಹುಡುಗಿ ಸೆರಗಿನ ಮರ್ಯಾಗ ನಕ್ಕಳು. ಬಸಲಿಂಗವ್ವನ ಜೀವ ಹಗುರಾತು.

"ಎತ್ತರ ಎಷ್ಟದಾನೋ ನೋಡೂಣು. ಕಾಲು ಕಾಣವಲ್ವು. ಸ್ವಲ್ಪ ಹಿಂದ ಸರೀರಿ" ಅಂದ ಬೀಗ.

ಕರವೀರ ಒಂದು ಹೆಜ್ಜಿ ಹಿಂದ ಸರದ. ಎರಡು ಸರದ. ಮೂರು ಸರದ.

"ಹಾಂ, ಸಾ…" ಅಂದ ಬೀಗ. ಅಷ್ಟರಾಗ ನೆಟ್ ಮತ್ತ ಹೋತು! ಫೋನ್‌ನ್ಯಾಗ ಬೀಗನ ಚಿತ್ರ ಬಾಯಿ ತೆರಕೊಂಡ ನಿಂತುಬಿಡ್ತು.

ಬಸಲಿಂಗವ್ವ ಫೋನ್ ಬಡದ್ಲು, ಡಬ್ಬಿ ಬಡದ್ಲು. "ಹಲೋ! ಬೀಗರ! ಕೇಳಸ್ತೈತೇನ್ರಿ?" ಅರ್ಧ ತಾಸಿಗೆ ನೆಟ್ ಬಂತು. ಬೀಗ ಕೇಳಿದ, "ಹುಡುಗ ಎಲ್ರಿ?"

ತಿರುಗಿ ನೋಡಿದ್ರ ಗ್ವಾಡಿ ಐತಿ, ತೆರದ ಬಾಗಿಲ ಐತಿ, ಹುಡುಗ ಇಲ್ಲ!

ಅತ್ತ ಊರ ಹೊರಗಿನ ರೈಲ್ವೆ ಗೇಟಿನ್ಯಾಗ ಗೇಟ್‌ಮನ್ ಕೂಗಿದ, "ಏ ತಮ್ಮಾ! ಮಾರಿಗೆ ಪೌಡರ್ ಹಚಗೊಂಡು ಹಿಂದಹಿಂದಕ್ಕ ಎಲ್ಲಿಗೆ ಹೊಂಟೀಯೋ? ರೈಲು ಬರ್ತೈತಿ, ನಿಂದರು, ಸಾಕು!"

"ನೀವಂದ್ರ ನಡಿಯಂಗಿಲ್ರಿ, ಬೀಗರೇ ಅನಬೇಕು," ಅಂದ ಕರವೀರ, ಬಗ್ಗಿ ಗೇಟಿನ ತೆಳಗ ಹಿಂದಕ್ಕ ನುಸಳಿಕೋತ. "'ಸಾ' ಅಂದಾರ್ರಿ. 'ಕು' ಇನ್ನೂ ಬಂದಿಲ್ಲ!"