ತೊಡೆ ತಟ್ಟಿದಾಗ ಬಂದವರು

“ನಾನು ಕೈಮುಗಿದೆ. ಅವನು ತನ್ನ ಅಂಗೈಗೆ ಉಗುಳಿಕೊಂಡು, ಆ ಕೈಯಿಂದಲೇ ನನ್ನ ಕೈ ಹಿಡಿದ. ಅಂಥವನನ್ನು ಏನು ಮಾಡಬೇಕು, ಉಸ್ತಾದರೇ?”

ಕೇಳಿದವನು ನನ್ನ ಶಿಷ್ಯ ಗವಿರಂಗ. ದೂರದ ಬೆಟ್ಟಸೀಮೆಯ ಒಬ್ಬ ಪೈಲ್ವಾನ ನಮ್ಮ ಊರಿಗೆ ಬಂದಿದ್ದ. ಮಾರನೆಯ ದಿನ ಅವನಿಗೂ ಗವಿರಂಗನಿಗೂ ಕುಸ್ತಿ ಗೊತ್ತುಮಾಡಿದ್ದರು. ಊರ ಹಿರಿಯರ ಮುಂದೆ ಇಬ್ಬರನ್ನೂ ನಿಲ್ಲಿಸಿ ಪರಿಚಯ ಮಾಡಿಸುವಾಗ ಈ ಎಂಜಲಿನ ಸಂಗತಿ ನಡೆಯಿತು. ನೋಡಿದವರು ನಕ್ಕರು. ಗವಿರಂಗ ಮನೆಗೆ ಹೋಗಿ ಚರ್ಮ ಸುಲಿಯುವ ಹಾಗೆ ಕೈ ತೊಳೆದುಕೊಂಡು, ಊಟ ಬಿಟ್ಟು, ನೇರ ಗರಡಿಗೆ ಬಂದಿದ್ದ.

ಅವನು ಬಂದದ್ದು ನನ್ನ ಬುದ್ಧಿಮಾತಿಗಲ್ಲ. ನನಗೊಂದು ಪಟ್ಟು ಗೊತ್ತು. ಅದನ್ನು ಹಾಕಿದರೆ ಎದುರಾಳಿಯ ಮೊಣಕೈ ಕಳಚುತ್ತದೆ. ಆಮೇಲೆ ಅವನು ಈ ಜನ್ಮದಲ್ಲಿ ಕಣಕ್ಕೆ ಇಳಿಯಲಾರ. ನಾನು ಯಾರಿಗೂ ಅದನ್ನು ಕಲಿಸಿಲ್ಲ. ಇವತ್ತು ಕಲಿಸಿ ಎಂದು ಗವಿರಂಗ ಕಾಲು ಹಿಡಿದ. ಕಲಿಸದಿದ್ದರೆ ನಾಳೆ ಕುಸ್ತಿಗೂ ಇಳಿಯುವುದಿಲ್ಲ, ಇನ್ನು ಮೇಲೆ ನಿಮ್ಮ ಗರಡಿಯ ಹೊಸ್ತಿಲನ್ನೂ ತುಳಿಯುವುದಿಲ್ಲ ಎಂದ. ಹೇಳಿದ್ದನ್ನು ಮಾಡುವ ಹಟಮಾರಿ ಅವನು. ಅದನ್ನೂ ನಾನೇ ಕಲಿಸಿದ್ದು.

ಕಾಲು ಬಿಡಿಸಿಕೊಂಡು ಅವನನ್ನು ಪಕ್ಕದಲ್ಲಿ ಕೂರಿಸಿದೆ. ಕೂರಿಸಿ ಹೇಳಿದೆ.

ನನ್ನ ಪ್ರಾಯದಲ್ಲಿ ನಾನು ತೊಡೆ ತಟ್ಟಿದರೆ ಹೊಳೆಯಾಚೆಯ ಹಳ್ಳಿಯಲ್ಲಿ ಕೋಳಿಗಳು ಬೆಳಗಾಯಿತೆಂದು ಕೂಗುತ್ತಿದ್ದವು. ಆ ಸದ್ದು ಕೇಳಿದ ಜನ ಒಬ್ಬರೂ ಈಗ ಉಳಿದಿಲ್ಲ. ಕೋಳಿಗಳಂತೂ ಸಾರಾಗಿ ಯಾವ ಕಾಲವಾಯಿತೋ. ಇಂಥ ನನಗಿಂತಲೂ ಜೋರಾಗಿ ತೊಡೆ ತಟ್ಟುವವನು ಭೂಮಿಯ ಮೇಲೆ ಒಬ್ಬನೇ ಇದ್ದ. ಕತೆ ಅವನದು.

ಅವನೊಬ್ಬ ಜಟ್ಟಿ. ಒಬ್ಬ ವ್ಯಾಪಾರಿ ಹಡಗಿಗೆ ಮೆಣಸಿನ ಮೂಟೆ ಹೇರಿಕೊಂಡು, ಕಾವಲಿಗೆಂದು ಈ ಜಟ್ಟಿಯನ್ನು ಕರೆದುಕೊಂಡು ಹೊರಟ. ನಡುವೆ ಗಾಳಿ ದಿಕ್ಕು ತಪ್ಪಿಸಿತು. ಹೋಗಬೇಕಾದ ದೇಶ ಎಲ್ಲೋ ಉಳಿಯಿತು. ಅವರು ಹೆಸರೇ ಕೇಳದ ಒಂದು ದೇಶದ ದಡ ಸೇರಿದರು. ಹಡಗಿನಲ್ಲಿ ಕುಡಿಯುವ ನೀರು ಮುಗಿದಿತ್ತು. ಇಳಿಯದೆ ವಿಧಿಯಿರಲಿಲ್ಲ.

ದಡದ ತುಂಬ ಜನ ಸೇರಿದ್ದರು. ಎಲ್ಲರ ಕೈಯಲ್ಲೂ ಭರ್ಜಿ. ಮುಂದೆ ಅವರ ಒಡೆಯ ನಿಂತಿದ್ದ. ಆನೆ ಎರಡು ಕಾಲಿನ ಮೇಲೆ ಎದ್ದು ನಿಂತರೆ ಹೇಗಿರುತ್ತದೋ ಹಾಗಿದ್ದ. ಅವರ ಮಾತು ಇವರಿಗೆ ಬಾರದು, ಇವರ ಮಾತು ಅವರಿಗೆ ಬಾರದು. ವ್ಯಾಪಾರಿ ಮೂಟೆಗಳ ಹಿಂದೆ ಅಡಗಿಕೊಂಡ. ಏನಾದರೂ ಮಾಡು ಮಾರಾಯ, ನಿನಗೆ ಅನ್ನ ಹಾಕಿದ್ದು ಇದಕ್ಕೇ ಎಂದು ಅಲ್ಲಿಂದಲೇ ಹೇಳಿದ.

ಜಟ್ಟಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಮರಳಿಗೆ ಇಳಿದ. ಒಂದು ಕಾಲು ಮುಂದಿಟ್ಟು ಮಂಡಿ ಬಗ್ಗಿಸಿದ. ಒಡೆಯನ ಕಣ್ಣಲ್ಲಿ ಕಣ್ಣು ನೆಟ್ಟು ತೊಡೆ ತಟ್ಟಿದ. ಆ ಸದ್ದಿಗೆ ದಡಕ್ಕೆ ಬರುತ್ತಿದ್ದ ಅಲೆಯೊಂದು ಅರ್ಧ ದಾರಿಯಲ್ಲಿ ಹಿಂದಕ್ಕೆ ಹೋಯಿತು.

ಭರ್ಜಿಗಳು ಕೆಳಗಿಳಿದವು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಗುಂಪಿನೊಳಗಿಂದ ಹಾಲುಹಲ್ಲಿನ ಒಂದು ಮಗು ಓಡಿಬಂದು ಜಟ್ಟಿಯ ತೊಡೆ ಹತ್ತಿ ಕೂತಿತು.

ಜಟ್ಟಿಯ ಮೈ ಉರಿದುಹೋಯಿತು. ಎಷ್ಟೋ ರಾಜ್ಯಗಳ ಜಟ್ಟಿಗಳಿಗೆ ಮಣ್ಣು ಮುಕ್ಕಿಸಿದವನು ನಾನು, ನನ್ನ ಎದುರಿಗೆ ಮೂಗು ಸೋರುವ ಕೂಸನ್ನು ಬಿಟ್ಟರಲ್ಲ, ಎಂಥ ತಾತ್ಸಾರ ಎಂದುಕೊಂಡ. ಆದರೂ ಮಗುವಿನದೇನು ತಪ್ಪು. ಅದರ ಮೂಗು ಒರೆಸಿ ಮೆಲ್ಲಗೆ ಕೆಳಗಿಳಿಸಿದ. ಮತ್ತೆ ತಟ್ಟಿದ, ಇನ್ನೂ ಜೋರಾಗಿ.

ಈ ಸಲ ಊರಿನ ಮಕ್ಕಳೆಲ್ಲ ಬಂದವು. ತೊಡೆಯ ಮೇಲೆ ಜಾಗ ಸಾಲದೆ ಹೆಗಲು ಹತ್ತಿದವು. ಹೆಗಲು ತುಂಬಿದ ಮೇಲೆ ಜುಟ್ಟಿಗೆ ಜೋತುಬಿದ್ದವು. ಅಷ್ಟು ಭಾರಕ್ಕೂ ಜಟ್ಟಿಯ ಮಂಡಿ ಅಲುಗಲಿಲ್ಲ. ಇದನ್ನು ನೀನು ನಂಬಬೇಕು ಗವಿರಂಗ, ಆ ಕಾಲದ ಸಾಮು ಹಾಗಿತ್ತು.

ಆಗ ಒಡೆಯ ಭರ್ಜಿ ಬಿಸಾಡಿದ. ಮಕ್ಕಳನ್ನು ಒಂದೊಂದಾಗಿ ಬಿಡಿಸಿ ಪಕ್ಕಕ್ಕೆ ನಿಲ್ಲಿಸಿದ. ಎರಡೂ ತೋಳು ಚಾಚಿಕೊಂಡು ಮುಂದೆ ಬಂದ. ಕೊನೆಗೂ ಗಂಡಸು ಬಂದ ಎಂದು ಜಟ್ಟಿಗೆ ಸಮಾಧಾನವಾಯಿತು. ನೀನು ಕೇಳುತ್ತಿರುವ ಪಟ್ಟು ಇದೆಯಲ್ಲ, ಅದು ಅವನಿಗೂ ಬರುತ್ತಿತ್ತು. ಒಡೆಯನ ಮೊಣಕೈಗೆ ಕೈ ಹಾಕಿದ. ಒಂದು ತಿರುವು ಬಾಕಿ ಇತ್ತು.

ಒಡೆಯ ತಾನೇ ತಿರುಗಿದ. ತಿರುಗಿ ಜಟ್ಟಿಯ ತೊಡೆಯ ಮೇಲೆ ಕೂತ. ಅಷ್ಟು ದೊಡ್ಡ ತಲೆಯನ್ನು ಅವನ ಭುಜಕ್ಕೆ ಒರಗಿಸಿ ಕಣ್ಣು ಮುಚ್ಚಿದ.

ಇಲ್ಲಿ ಗವಿರಂಗ ಬಾಯಿ ಹಾಕಿದ. ಮುರಿದನೋ ಇಲ್ಲವೋ ಅಷ್ಟು ಹೇಳಿ ಎಂದ. ಕತೆ ಹೇಳುವವನು ನಾನು, ನೀನು ಸುಮ್ಮನೆ ಕೇಳು ಎಂದೆ.

ಜಟ್ಟಿಯ ಕೈ ಮೊಣಕೈಯ ಮೇಲೇ ನಿಂತಿತ್ತು. ಹಿಡಿಯಲೋ ಬಿಡಲೋ ಅವನಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಒಬ್ಬ ಮುದುಕಿ ಬಂದು ಮರಳಿನ ಮೇಲೆ ಕಾಲು ಚಾಚಿ ಕೂತಳು. ತನ್ನ ತೊಡೆಯನ್ನು ಮೆಲ್ಲಗೆ ತಟ್ಟಿಕೊಂಡಳು. ಹಾಲುಹಲ್ಲಿನ ಆ ಮಗು ಹೋಗಿ ಅವಳ ಮಡಿಲಲ್ಲಿ ಮಲಗಿತು. ಜಟ್ಟಿ ನೋಡಿದ. ಆ ದೇಶದಲ್ಲಿ ತೊಡೆ ತಟ್ಟುವುದೆಂದರೆ, ಬಾ ಕಂದ, ಕೂತುಕೋ ಎಂದು ಕರೆಯುವುದು. ಯಾವುದೋ ಸಮುದ್ರ ದಾಟಿ ಬಂದ ಇಷ್ಟು ದೊಡ್ಡ ಆಳು, ನಿಂತ ಕಾಲಲ್ಲೇ ತಮ್ಮ ಮಕ್ಕಳನ್ನು ಮಡಿಲಿಗೆ ಕರೆಯುತ್ತಿದ್ದಾನೆ ಎಂದು ಆ ಜನ ಕರಗಿಹೋಗಿದ್ದರು.

ಮುದುಕಿ ಒಡೆಯನ ತಲೆ ಸವರಿದಳು. ಆಮೇಲೆ ಆಕಾಶ ತೋರಿಸಿದಳು. ಒಡೆಯ ಕೂಸಾಗಿದ್ದಾಗಲೇ ಅವನ ತಾಯಿ ತೀರಿಕೊಂಡಿದ್ದಳು. ಅಂದಿನಿಂದ ಅವನಿಗಾಗಿ ಯಾರೂ ತೊಡೆ ತಟ್ಟಿರಲಿಲ್ಲ. ಒಡೆಯನಾದ ಮೇಲೆ ಬಾಯಿಬಿಟ್ಟು ಕೇಳುವುದಕ್ಕೂ ಆಗುವುದಿಲ್ಲವಲ್ಲ.

ಜಟ್ಟಿ ಮೊಣಕೈ ಬಿಟ್ಟ. ಬಿಟ್ಟ ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ಒಡೆಯನ ಬೆನ್ನ ಮೇಲಿಟ್ಟ. ಹೊತ್ತು ಮುಳುಗುವ ತನಕ ಹಾಗೇ ನಿಂತಿದ್ದ. ಆಮೇಲೆ ನೀರು ಬಂತು, ಹಣ್ಣು ಬಂತು, ಕೆಂಡದಲ್ಲಿ ಸುಟ್ಟ ಮೀನು ಬಂತು. ವ್ಯಾಪಾರಿ ಮೂಟೆಗಳ ಹಿಂದಿನಿಂದ ಎದ್ದು ಬಂದು, ಎಲ್ಲ ನನ್ನದೇ ಯುಕ್ತಿ ಎಂದು ಹೇಳಿಕೊಂಡು ಎಲ್ಲರಿಗಿಂತ ಮೊದಲು ತಿಂದ.

ಹೊರಡುವ ದಿನ ಒಡೆಯ ದಡದ ಬಂಡೆಯ ಮೇಲೆ ಕೂತು ತನ್ನ ತೊಡೆ ತಟ್ಟಿದ. ಜಟ್ಟಿ ನಾಚಿದ. ವ್ಯಾಪಾರಿ ನೋಡುತ್ತಿದ್ದಾನೆ, ಊರಿಗೆ ಹೋದರೆ ಹೇಳದೆ ಬಿಡುವವನಲ್ಲ. ಲಂಗೋಟಿ ಸರಿಮಾಡಿಕೊಂಡ, ಮೀಸೆ ಸವರಿಕೊಂಡ. ಆಮೇಲೆ ಹೋಗಿ ಕೂತ.

ಕತೆ ಮುಗಿಸಿ ನಾನು ಎಲೆಯಡಿಕೆ ಬಾಯಿಗೆ ಹಾಕಿಕೊಂಡೆ. ಗವಿರಂಗ ತಲೆ ತಗ್ಗಿಸಿ ಬಹಳ ಹೊತ್ತು ಕೂತಿದ್ದ. ಹುಡುಗನ ಮನಸ್ಸು ಕರಗಿತು, ಕಣ್ಣಲ್ಲಿ ನೀರು ಬಂದಿರಬೇಕು ಎಂದು ನನಗೆ ಒಳಗೊಳಗೇ ಹೆಮ್ಮೆ. ಅವನು ತಲೆಯೆತ್ತಿದಾಗ ನೋಡಿದರೆ ಕಣ್ಣು ಒಣಗಿಯೇ ಇತ್ತು. ಅವನು ಲೆಕ್ಕ ಹಾಕುತ್ತಿದ್ದ.

“ಒಂದು ಮಾತು, ಉಸ್ತಾದರೇ. ಅಲ್ಲಿಯ ಸನ್ನೆ ಬೇರೆ, ನಮ್ಮ ಸನ್ನೆ ಬೇರೆ ಅಂತ ನೀವೇ ಹೇಳಿದಿರಿ. ಹಾಗಿದ್ದರೆ ಮುದುಕಿ ಆಕಾಶ ತೋರಿಸಿದ್ದು ತಾಯಿ ಸತ್ತಳು ಅನ್ನುವುದಕ್ಕೆ ಅಂತ ಜಟ್ಟಿಗೆ ಹೇಗೆ ತಿಳಿಯಿತು? ಮೋಡ ಕಟ್ಟಿದೆ, ಬೇಗ ಎದ್ದು ಹೋಗಿ ಅಂದಿರಬಹುದು. ಅವಳನ್ನು ಕೇಳಿದವರು ಯಾರು?”

ಇಷ್ಟು ವರ್ಷದಲ್ಲಿ ನನ್ನ ಬೆನ್ನಿಗೆ ಮಣ್ಣು ಹತ್ತಿಸಿದವರಿಲ್ಲ. ಇವನು ಕೂತಲ್ಲೇ ಹತ್ತಿಸಿದ. ನಾನು ಭುಜ ಹಾರಿಸಿದೆ.

“ಯಾರೂ ಕೇಳಲಿಲ್ಲ ಮಗನೇ. ಅಂಗೈಗೆ ಉಗುಳಿದ್ದು ಯಾಕೆ ಅಂತ ನೀನು ಆ ಬೆಟ್ಟಸೀಮೆಯವನನ್ನು ಕೇಳಿದೆಯಾ?”

ಗವಿರಂಗ ತಿಕ್ಕಿ ತೊಳೆದ ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡ.